ಎರಡು ಸೌಟು ಸಾರಿನಲ್ಲಿ ಹನ್ನೊಂದು ಕಾಳು: ಪ್ರೋಟೀನ್ ಮತ್ತು ತೂಕದ ಬಗ್ಗೆ ಒಂದು ಪ್ರಕರಣ

ಮೂಳೆ ಡಾಕ್ಟರು ಚೀಟಿಯ ಕೊನೆಯಲ್ಲಿ ‘ತೂಕ ಇಳಿಸಬೇಕು’ ಎಂದು ಬರೆದು ಒಬ್ಬ ಹೆಂಗಸನ್ನು ಆಹಾರ ಸಲಹೆಗೆಂದು ನನ್ನ ಕೊಠಡಿಗೆ ಕಳಿಸಿದ್ದರು. ಮದ್ದೂರು ಕಡೆಯ ಹಳ್ಳಿ. ವಯಸ್ಸು 48. ಮನೆಯಲ್ಲಿ ಗಂಡ, ಅತ್ತೆ, ಮಗ, ಸೊಸೆ, ಮೂರು ವರ್ಷದ ಮೊಮ್ಮಗು. ಕೊಟ್ಟಿಗೆಯಲ್ಲಿ ಎರಡು ಹಸು. ಎತ್ತರ 152 ಸೆಂ.ಮೀ., ತೂಕ 74 ಕೆ.ಜಿ., ಸೊಂಟದ ಸುತ್ತಳತೆ 98 ಸೆಂ.ಮೀ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕಂತೆ ತೂಕ ಅಳೆಯುವ ಸಂಖ್ಯೆ, ಲೆಕ್ಕ ಹಾಕಿದರೆ 32. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ಹೆಂಗಸರ ಸೊಂಟ 80 ಸೆಂ.ಮೀ. ಒಳಗಿರಬೇಕು. ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ಕುರ್ಚಿಯಲ್ಲಿ ಕೂತವರೇ, “ಏನೂ ತಿನ್ನಕಿಲ್ಲ ಮೇಡಂ. ಬರೀ ನೀರು ಕುಡುದ್ರೂ ಊದ್ಕತೀನಿ” ಅಂದರು.

ಈ ಮಾತನ್ನು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಹೇಳುವವರು ಸುಳ್ಳಾಡುತ್ತಿದ್ದಾರೆ ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಊಟಕ್ಕೆ ಕೂತಾಗ ಕಮ್ಮಿ ತಿನ್ನುವುದೂ ನಿಜ, ಆಮೇಲೆ ಹಸಿವು ಹಿಂಡಿ ಕೈ ತಿಂಡಿ ಡಬ್ಬಕ್ಕೆ ಹೋಗುವುದೂ ನಿಜ. ಎರಡನೆಯದು ಊಟ ಅಲ್ಲವಾದ್ದರಿಂದ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಸಿವು ಯಾಕೆ ಹಿಂಡುತ್ತದೆ ಅನ್ನುವುದೇ ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಂಡದ್ದು.

ಒಮ್ಮೆ ಇಳಿದು ಮತ್ತೆ ಬಂದ ತೂಕ

ಒಂದೂವರೆ ವರ್ಷದ ಹಿಂದೆ ಆಕೆ 76 ಕೆ.ಜಿ. ಇದ್ದರು. ಯಾರೋ ಹೇಳಿದರೆಂದು ರಾತ್ರಿ ಊಟ ಬಿಟ್ಟು ಪಪ್ಪಾಯ ತಿಂದರು, ಬೆಳಗ್ಗೆ ಬಿಸಿನೀರಿಗೆ ನಿಂಬೆರಸ, ಜೇನು ಹಾಕಿ ಕುಡಿದರು, ಮಧ್ಯಾಹ್ನ ಒಂದೇ ಸಣ್ಣ ಮುದ್ದೆ. ಮೂರು ತಿಂಗಳಲ್ಲಿ 8 ಕೆ.ಜಿ. ಇಳಿದು 68ಕ್ಕೆ ಬಂದರು. ಊರಲ್ಲಿ ಎಲ್ಲರೂ ಹೊಗಳಿದರಂತೆ. ಆದರೆ ತಲೆಕೂದಲು ಬಾಚಣಿಗೆ ತುಂಬ ಬರತೊಡಗಿತು, ಹುಲ್ಲಿನ ಹೊರೆ ಎತ್ತಿದರೆ ಕೈ ನಡುಗುತ್ತಿತ್ತು, ನೆಲದಲ್ಲಿ ಕೂತರೆ ಗೋಡೆ ಹಿಡಿದೇ ಏಳಬೇಕಾಯಿತು. ಹೆದರಿ ಮಾಮೂಲಿ ಊಟಕ್ಕೆ ಮರಳಿದರು. ಎಂಟು ತಿಂಗಳಲ್ಲಿ 6 ಕೆ.ಜಿ. ವಾಪಸ್ ಬಂತು.

ಆ 8 ಕೆ.ಜಿ.ಯಲ್ಲಿ ಹೋದದ್ದೇನು? ಅನ್ನ, ಮುದ್ದೆ ದಿಢೀರನೆ ಕಡಿಮೆ ಮಾಡಿದರೆ ಮೊದಲ ವಾರ ತಕ್ಕಡಿಯಲ್ಲಿ ಇಳಿಯುವುದು ಹೆಚ್ಚಾಗಿ ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಸಕ್ಕರೆ ಶೇಖರವಾಗಿರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಗ್ಲೈಕೋಜನ್ ಕರಗಿದಾಗ ಆ ನೀರೂ ಹೋಗುತ್ತದೆ. ಆಮೇಲೆ ಕೊಬ್ಬು ಕರಗುತ್ತದೆ, ಜೊತೆಗೆ ಸ್ನಾಯುವೂ ಕರಗುತ್ತದೆ. ಕೊಬ್ಬಿಗೆ ದೇಹದಲ್ಲಿ ಕಣಜವಿದೆ, ಪ್ರೋಟೀನಿಗೆ ಪ್ರತ್ಯೇಕ ಕಣಜವಿಲ್ಲ. ದುಡಿಯುವ ಸ್ನಾಯುವೇ ಅದರ ಕಣಜ. ಊಟದಲ್ಲಿ ಸಿಗದೆ ಹೋದಾಗ ಹೃದಯ, ರಕ್ತ, ಕರುಳು ಎಲ್ಲವೂ ತೊಡೆಯ ಸ್ನಾಯುವಿನಿಂದ ಸಾಲ ಎತ್ತುತ್ತವೆ. ಸಾಮಾನ್ಯವಾಗಿ ಪಥ್ಯ ಮಾಡಿ ಇಳಿಸಿದ ತೂಕದಲ್ಲಿ ಕಾಲುಭಾಗದಷ್ಟು ಕೊಬ್ಬಲ್ಲದ ಅಂಗಾಂಶವೇ ಇರುತ್ತದೆ. ಪ್ರೋಟೀನ್ ಕಮ್ಮಿಯಾಗಿ, ಸ್ನಾಯುವಿಗೆ ಕೆಲಸವೂ ಇಲ್ಲದಿದ್ದರೆ ಇನ್ನೂ ಹೆಚ್ಚು.

ಮತ್ತೆ ಬರುವಾಗ ಹೋದ ಲೆಕ್ಕದಲ್ಲೇ ಬರುವುದಿಲ್ಲ. ಕೊಬ್ಬು ಸಲೀಸಾಗಿ ಬರುತ್ತದೆ, ಸ್ನಾಯು ಬರುವುದಿಲ್ಲ. ಮುಟ್ಟು ನಿಂತ ಹೆಂಗಸರಲ್ಲಿ ಇದು ಎದ್ದು ಕಾಣುತ್ತದೆ, ಆಕೆಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ಹಾಗಾಗಿ ಈಗಿನ 74 ಕೆ.ಜಿ. ಹಿಂದೆ ಇದ್ದ 74 ಕೆ.ಜಿ. ಅಲ್ಲ. ತಕ್ಕಡಿಗೆ ಎರಡೂ ಒಂದೇ. ನೆಲದಿಂದ ಏಳುವ ಮಂಡಿಗೆ ಒಂದೇ ಅಲ್ಲ.

ಅದಕ್ಕೇ ಮೊದಲ ದಿನವೇ ತೂಕದ ಜೊತೆ ಇನ್ನೆರಡು ಅಳತೆ ತೆಗೆದುಕೊಂಡೆ. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಆಕೆಗೆ 17 ಸೆಕೆಂಡ್ ಬೇಕಾಯಿತು. ಏಷ್ಯಾದವರಿಗೆಂದು ತಜ್ಞರ ಗುಂಪು 2019ರಲ್ಲಿ ಗೊತ್ತುಮಾಡಿದ ಮಿತಿ 12 ಸೆಕೆಂಡ್. ಕೈ ಹಿಡಿತದ ಬಲ 16 ಕೆ.ಜಿ. ಬಂತು, ಹೆಂಗಸರಲ್ಲಿ 18ಕ್ಕಿಂತ ಕೆಳಗಿದ್ದರೆ ಸ್ನಾಯು ಸೊರಗಿದೆ ಎಂದು ಅನುಮಾನಿಸಬೇಕು. 74 ಕೆ.ಜಿ. ತೂಕದ ಹೆಂಗಸಿನಲ್ಲಿ ಸ್ನಾಯು ಸೊರಗಿದೆ ಅಂದರೆ ಮನೆಯವರು ನಂಬುವುದಿಲ್ಲ. ಗಂಡ ಪಕ್ಕದಲ್ಲೇ ನಿಂತು ನಕ್ಕರು. ನಾನು ಇನ್ನೊಂದು ಸಲ ಎದ್ದು ತೋರಿಸಲು ಹೇಳಿದೆ. ನಾಲ್ಕನೆಯ ಸಲಕ್ಕೆ ಆಕೆಯ ತೊಡೆ ನಡುಗುವುದು ಸೀರೆಯ ಮೇಲೇ ಕಾಣುತ್ತಿತ್ತು. ಆಮೇಲೆ ಅವರು ನಗಲಿಲ್ಲ.

ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸರಿ ಇತ್ತು, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಸರಿ ಇತ್ತು. ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು.

ಡಬ್ಬಿಯಲ್ಲಿ ತಂದ ಸಾರು

ಮೂರು ದಿನದ ಊಟ ಬರೆಸಿಕೊಂಡೆ. ಬೆಳಗ್ಗೆ ಆರಕ್ಕೆ ಎರಡು ಚಮಚ ಸಕ್ಕರೆ ಹಾಕಿದ ಕಾಫಿ. ಹಾಲು ಕರೆಯುವವರು ಅವರೇ, ಆದರೆ ಹಾಲು ಹೋಗುವುದು ಡೇರಿಗೆ. ಮನೆಗೆ ಉಳಿಯುವುದು ಮಗುವಿಗೆ ಮತ್ತು ಕಾಫಿಗೆ ಸಾಲುವಷ್ಟು. ಒಂಬತ್ತಕ್ಕೆ ಚಿತ್ರಾನ್ನವೋ ಉಪ್ಪಿಟ್ಟೋ. ಮಧ್ಯಾಹ್ನ ಎರಡಕ್ಕೆ ಒಂದು ಮುದ್ದೆ, ಒಂದೂವರೆ ಬಟ್ಟಲು ಅನ್ನ, ಸಾರು. ಸಂಜೆ ಕಾಫಿ ಜೊತೆ ನಿಪ್ಪಟ್ಟು ಅಥವಾ ಖಾರಾ ಬೂಂದಿ. ರಾತ್ರಿ ಮತ್ತೆ ಮುದ್ದೆ, ಅನ್ನ, ಸಾರು, ಕೊನೆಗೆ ನೀರು ಮಜ್ಜಿಗೆ. ಮಾಂಸ ಭಾನುವಾರ ಮಾತ್ರ. ಮೊಟ್ಟೆ “ಮಗೀಗೆ” ಮಾತ್ರ.

“ದಿನಾ ಕಾಳು ಸಾರು ಉಣ್ತೀವಲ್ಲ ಮೇಡಂ, ಪ್ರೋಟೀನ್ ಯಾಕೆ ಕಮ್ಮಿ ಆಯ್ತದೆ?” ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಮುಂದಿನ ವಾರ ಬರುವಾಗ, ನೀವು ನಿಮ್ಮ ತಟ್ಟೆಗೆ ಎಷ್ಟು ಸಾರು ಹಾಕಿಕೊಳ್ಳುತ್ತೀರೋ ಅಷ್ಟನ್ನೇ, ನೀವು ಹಾಕಿಕೊಳ್ಳುವ ಹೊತ್ತಿನಲ್ಲೇ, ಸ್ಟೀಲ್ ಡಬ್ಬಿಗೆ ಬಗ್ಗಿಸಿಕೊಂಡು ಬನ್ನಿ ಎಂದೆ.

ತಂದರು. ಅಲಸಂದೆ ಕಾಳಿನ ಸಾರು, ಎರಡು ಸೌಟು. ಟೀ ಸೋಸುವ ಜರಡಿಗೆ ಸುರಿದೆ. ಹುಳಿ, ಖಾರ, ತೆಂಗಿನಕಾಯಿ ಮಸಾಲೆ ಎಲ್ಲ ಕೆಳಗಿಳಿದು ಜರಡಿಯಲ್ಲಿ ಕಾಳು ಉಳಿಯಿತು. ಇಬ್ಬರೂ ಕೂತು ಎಣಿಸಿದೆವು. ಹನ್ನೊಂದು.

“ಅಕ್ಕ, ಸೌಟು ತಳ ಮುಟ್ಟುತ್ತಾ?”

“ತಳದ್ದು ಅವ್ರಿಗೇ ಹಾಕ್ಬುಟ್ಟಿರ್ತೀನಲ್ಲ. ನಾನು ಉಣ್ಣೋ ಹೊತ್ಗೆ ಮೇಲಿಂದು ತಿಳೀದೇ ಇರೋದು.”

ಗಂಡ, ಮಗ, ಅತ್ತೆ, ಮಗು, ಸೊಸೆ, ಆಮೇಲೆ ಆಕೆ. ಗಂಡಸರಿಗೆ ಬಡಿಸುವಾಗ ಸೌಟನ್ನು ತಳಕ್ಕೆ ಇಳಿಸಿ ಗಟ್ಟಿಯಾದ್ದನ್ನು ಎತ್ತುತ್ತೇವೆ, ನಮಗೆ ಹಾಕಿಕೊಳ್ಳುವಾಗ ಮೇಲಿನದನ್ನು ಬಗ್ಗಿಸುತ್ತೇವೆ. ಬಸ್ಸಾರು ಮಾಡಿದ ದಿನವೂ ಅಷ್ಟೇ: ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟು ಸಾರಿಗೆ ಹೋಗುತ್ತದೆ, ಕಾಳೆಲ್ಲ ಪಲ್ಯದಲ್ಲಿ ಉಳಿಯುತ್ತದೆ. ಪಲ್ಯ ಮೊದಲ ಪಂಕ್ತಿಗೇ ಮುಗಿದಿರುತ್ತದೆ. ನನ್ನ ಅಮ್ಮನೂ ಹೀಗೇ ಉಂಡವರು. ಅಷ್ಟು ವರ್ಷ ಪಕ್ಕದಲ್ಲೇ ಕೂತು ಉಂಡರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಆ ಜರಡಿ ನೋಡಿದ ದಿನ ಬಿತ್ತು.

ಲೆಕ್ಕ ಹೀಗೆ ಬಂತು. ಎರಡು ಹೊತ್ತಿನ ಕಾಫಿ ಹಾಲಿನಿಂದ 3 ಗ್ರಾಂ ಪ್ರೋಟೀನ್, ಬೆಳಗಿನ ತಿಂಡಿಯಿಂದ 5, ಎರಡು ಊಟದಿಂದ 26, ಸಂಜೆ ತಿಂಡಿಯಿಂದ 3, ಮಜ್ಜಿಗೆಯಿಂದ 1. ಒಟ್ಟು 38 ಗ್ರಾಂ. ಅದರಲ್ಲೂ ದೊಡ್ಡ ಪಾಲು ರಾಗಿ ಮತ್ತು ಅಕ್ಕಿಯದು. ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಮ್ಮಿ, ಕಾಳಿನಲ್ಲಿ ಅದು ಧಾರಾಳ. ಮುದ್ದೆಗೆ ಕಾಳು ಸಾರು ಕಟ್ಟಿಕೊಟ್ಟ ನಮ್ಮ ಹಿರಿಯರ ಜೋಡಿ ಸರಿಯಾದದ್ದೇ, ಆದರೆ ಹನ್ನೊಂದು ಕಾಳಿನಿಂದ ಜೋಡಿಯಾಗುವುದಿಲ್ಲ. ದಿನದ ಒಟ್ಟು ಕ್ಯಾಲೊರಿ ಸುಮಾರು 1,790. ಪ್ರೋಟೀನಿನ ಒಂದು ಗ್ರಾಂಗೆ 4 ಕ್ಯಾಲೊರಿ. ಅಂದರೆ ಒಟ್ಟಿನಲ್ಲಿ ಪ್ರೋಟೀನಿನ ಪಾಲು ಶೇ. 8.5.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ. ಊಟ ಮುಖ್ಯವಾಗಿ ಧಾನ್ಯದ್ದಾದರೆ 1 ಗ್ರಾಂ ಹತ್ತಿರ ಬೇಕು. ಆಕೆಯ ಎತ್ತರಕ್ಕೆ ಒಪ್ಪುವ ತೂಕ 53 ಕೆ.ಜಿ.; ಸ್ನಾಯು ಸೊರಗಿರುವುದರಿಂದ, ತೂಕವೂ ಇಳಿಯಬೇಕಾಗಿರುವುದರಿಂದ ಕೆ.ಜಿ.ಗೆ 1.2 ಗ್ರಾಂ ಹಿಡಿದು ದಿನಕ್ಕೆ 60ರಿಂದ 65 ಗ್ರಾಂ ಎಂದು ಗುರಿ ಇಟ್ಟೆ.

ಇನ್ನು ಆ ಸಂಜೆ ಹೊತ್ತಿನ ನಿಪ್ಪಟ್ಟು. 2011ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 22 ಜನರಿಗೆ ನೋಡಲು, ರುಚಿಗೆ ಒಂದೇ ಥರ ಇರುವ ಊಟಗಳನ್ನು ಕೊಟ್ಟು, ಒಮ್ಮೆ ಪ್ರೋಟೀನ್ ಶೇ. 10, ಒಮ್ಮೆ 15, ಒಮ್ಮೆ 25 ಇಟ್ಟರು. ಎಷ್ಟು ಬೇಕಾದರೂ ತಿನ್ನಬಹುದು. ಶೇ. 10 ಇದ್ದಾಗ ಜನ ಶೇ. 15 ಇದ್ದಾಗಿಗಿಂತ ಶೇ. 12ರಷ್ಟು ಹೆಚ್ಚು ಕ್ಯಾಲೊರಿ ತಿಂದರು. ಆ ಹೆಚ್ಚುವರಿಯ ಬಹುಪಾಲು ಬಂದದ್ದು ಊಟದಿಂದಲ್ಲ, ಊಟಗಳ ನಡುವೆ ತಿಂದ ಕುರುಕಲಿನಿಂದ, ಅದರಲ್ಲೂ ಉಪ್ಪು-ಖಾರದ ತಿಂಡಿಯಿಂದ. ದೇಹ ತನಗೆ ಬೇಕಾದ ಪ್ರೋಟೀನ್ ಸಿಗುವವರೆಗೂ ಹಸಿವನ್ನು ಆರಿಸುವುದಿಲ್ಲ ಎಂಬ ವಾದಕ್ಕೆ ಇದು ಒಂದು ಆಧಾರ. ಶೇ. 25 ಕೊಟ್ಟಾಗ ಮಾತ್ರ 15ಕ್ಕಿಂತ ಬೇರೆ ಲಾಭ ಕಾಣಲಿಲ್ಲ. ನನಗೆ ಇದು ಎರಡೂ ಕಡೆಯಿಂದ ಬೆಲೆಬಾಳುವ ಮಾತು: ಕೊರತೆ ಇದ್ದವರಿಗೆ ತುಂಬಿಸಿದರೆ ಹಸಿವು ಹಿಡಿತಕ್ಕೆ ಬರುತ್ತದೆ, ತುಂಬಿದವರಿಗೆ ಇನ್ನೂ ಸುರಿದರೆ ಏನೂ ಆಗದು.

ಮೊದಲೇ ತೆಗೆದಿಡುವ ಬಟ್ಟಲು

ಆಕೆಗೆ ಹೊಸ ಅಡುಗೆ ಯಾವುದನ್ನೂ ಹೇಳಲಿಲ್ಲ. ಹೇಳಿದ ಮುಖ್ಯ ಮಾತು ಒಂದೇ. ಯಾರಿಗೂ ಬಡಿಸುವ ಮುಂಚೆ, ಬೇಯಿಸಿದ ಕಾಳಿನಲ್ಲಿ ಒಂದು ಬಟ್ಟಲು ನಿಮಗೆಂದು ತೆಗೆದು ಪಕ್ಕಕ್ಕಿಡಿ. ಒಣಕಾಳಿನ ಲೆಕ್ಕದಲ್ಲಿ ಮಧ್ಯಾಹ್ನಕ್ಕೆ 40 ಗ್ರಾಂ, ರಾತ್ರಿಗೆ 30. ಹುರುಳಿ, ಹೆಸರು, ಅಲಸಂದೆ, ಕಡಲೆ ಎಲ್ಲವೂ 100 ಗ್ರಾಂಗೆ 22 ಗ್ರಾಂ ಆಚೀಚೆ ಪ್ರೋಟೀನ್ ಕೊಡುತ್ತವೆ.

ಈ ಒಂದು ಮಾತಿಗೆ ಆಕೆ ಬೆಚ್ಚಿದಷ್ಟು ಮುದ್ದೆ ಚಿಕ್ಕದು ಮಾಡಿ ಅಂದಾಗ ಬೆಚ್ಚಲಿಲ್ಲ. “ಮೊದ್ಲೇ ತಕ್ಕೊಂಡ್ರೆ ಅತ್ತೆ ಏನಂದ್ಕತಾರೆ?” ಅಂದರು. ಸೊಸೆಯನ್ನು ಒಳಕ್ಕೆ ಕರೆದೆ. ಆ ಹುಡುಗಿ, “ನಾನೇ ತೆಗ್ದಿಡ್ತೀನಿ ಬುಡಿ ಅತ್ತೆ, ಇಬ್ರಿಗೂ” ಅಂದಳು. ಈ ಪ್ರಕರಣದಲ್ಲಿ ನನ್ನ ಸಲಹೆಗಿಂತ ಆ ಹುಡುಗಿಯ ಮಾತು ಹೆಚ್ಚು ಕೆಲಸ ಮಾಡಿತು ಎಂದು ನಂಬಿದ್ದೇನೆ.

ಉಳಿದದ್ದು: ಬೆಳಗ್ಗೆ ಎರಡು ಇಡ್ಲಿಯೋ ಸ್ವಲ್ಪ ಉಪ್ಪಿಟ್ಟೋ, ಜೊತೆಗೆ ಎರಡು ಬೇಯಿಸಿದ ಮೊಟ್ಟೆ, 12 ಗ್ರಾಂ. ಸೋಮವಾರ, ಶನಿವಾರ ಮೊಟ್ಟೆ ಮುಟ್ಟುವುದಿಲ್ಲವಾದ್ದರಿಂದ ಆ ದಿನ 20 ಗ್ರಾಂ ಸೋಯಾ ಚಂಕ್ಸ್ ಪಲ್ಯ, 10 ಗ್ರಾಂ. ಮಧ್ಯಾಹ್ನ ಮುದ್ದೆ ಹಾಗೇ ಇರಲಿ, ಅನ್ನ ಅರ್ಧ ಬಟ್ಟಲಿಗೆ ಇಳಿಯಲಿ, ನೀರು ಮಜ್ಜಿಗೆ ಬದಲು ಒಂದು ಬಟ್ಟಲು ಗಟ್ಟಿ ಮೊಸರು. ಡೇರಿಗೆ ಹಾಕುವ ಹಾಲಿನಲ್ಲಿ ಅರ್ಧ ಲೀಟರ್ ಮನೆಗೆ ನಿಲ್ಲಿಸಲು ಗಂಡ ಒಪ್ಪಿದರು. ಸಂಜೆ ಕಾಫಿಗೆ ಅರ್ಧ ಚಮಚ ಸಕ್ಕರೆ, ಒಂದು ಹಿಡಿ ಹುರಿಗಡಲೆ. ರಾತ್ರಿ ಸಣ್ಣ ಮುದ್ದೆ, ಕಾಳು, ಅರ್ಧ ಬಟ್ಟಲು ಮೊಸರು. ಒಟ್ಟು 61 ಗ್ರಾಂ ಪ್ರೋಟೀನ್, 1,530 ಕ್ಯಾಲೊರಿ ಹತ್ತಿರ, ಪಾಲು ಶೇ. 16. ಜೊತೆಗೆ ಬೆಳಗ್ಗೆ ಸಂಜೆ ಹತ್ತತ್ತು ಸಲ ಕುರ್ಚಿಯಿಂದ ಎದ್ದು ಕೂರುವುದು. ಸ್ನಾಯುವಿಗೆ ಕೆಲಸ ಕೊಡದೆ ಬರೀ ಪ್ರೋಟೀನ್ ಕೊಟ್ಟರೆ ಇಟ್ಟಿಗೆ ತಂದು ರಾಶಿ ಹಾಕಿ ಗಾರೆಯವನನ್ನು ಕರೆಯದ ಹಾಗೆ.

“ಹುರುಳಿ ಉಷ್ಣ” ಎಂದು ಅತ್ತೆ ತಕರಾರು ತೆಗೆದರು. ಹೊಟ್ಟೆ ಉಬ್ಬರ ನಿಜವಾಗಿಯೂ ಆಯಿತು, ಮೊದಲ ಹತ್ತು ದಿನ. ರಾತ್ರಿಯಿಡೀ ನೆನೆಹಾಕಿ, ಮೊಳಕೆ ಬರಿಸಿ, ಅರ್ಧ ಪ್ರಮಾಣದಿಂದ ಶುರುಮಾಡಿ ಎರಡು ವಾರದಲ್ಲಿ ಪೂರ್ತಿಗೆ ಬಂದೆವು.

ನಾಲ್ಕು ವಾರಕ್ಕೆ ತೂಕ 73.6. ಆಕೆಗೆ ಅಳುವೇ ಬಂತು. ಆದರೆ ಸೊಂಟ 98ರಿಂದ 96ಕ್ಕೆ ಬಂದಿತ್ತು. ಸಂಜೆ ನಿಪ್ಪಟ್ಟು ಡಬ್ಬದ ಬಗ್ಗೆ ಕೇಳಿದೆ. ಸ್ವಲ್ಪ ಯೋಚಿಸಿ, “ಅದು ನೆಪ್ಪೇ ಆಗ್ನಿಲ್ಲ” ಅಂದರು. ಬಿಡು ಎಂದು ನಾನು ಹೇಳಿರಲೇ ಇಲ್ಲ. ಎಂಟನೆಯ ವಾರಕ್ಕೆ 72.1.

ಹನ್ನೊಂದನೆಯ ವಾರ

ಹನ್ನೊಂದನೆಯ ವಾರ ಬಂದಾಗ 73.2 ತೋರಿಸಿತು. ಮೂರು ವಾರದಲ್ಲಿ 1.1 ಕೆ.ಜಿ. ಏರಿಕೆ.

ಕೆದಕಿ ಕೇಳಿದಾಗ ಎರಡು ಸಂಗತಿ ಹೊರಬಂದವು. ಮಗ ಅಮ್ಮನ ಮೇಲಿನ ಪ್ರೀತಿಯಿಂದ ಸಾವಿರಾರು ರೂಪಾಯಿ ಕೊಟ್ಟು ಒಂದು ಪ್ರೋಟೀನ್ ಪುಡಿಯ ಡಬ್ಬ ತಂದಿದ್ದ. ಅದನ್ನು ಒಂದು ದೊಡ್ಡ ಲೋಟ ಹಾಲಿಗೆ ಸಕ್ಕರೆ ಹಾಕಿ ರಾತ್ರಿ ಊಟದ ಮೇಲೆ ಕುಡಿಯುತ್ತಿದ್ದರು. ಎರಡನೆಯದು ನನ್ನ ತಪ್ಪು. ಎಂಟನೆಯ ವಾರ “ಕಳ್ಳೆಕಾಯಿಯೂ ತಿನ್ನಬಹುದು” ಎಂದಿದ್ದೆ, ಎಷ್ಟು ಎಂದು ಹೇಳಿರಲಿಲ್ಲ. ಹುರಿದ ಕಡಲೆಕಾಯಿಬೀಜ ದಿನಕ್ಕೆ ಮೂರು ಹಿಡಿ ಹೋಗುತ್ತಿತ್ತು, ತೂಗಿದರೆ 80 ಗ್ರಾಂ. 100 ಗ್ರಾಂ ಬೀಜದಲ್ಲಿ 25 ಗ್ರಾಂ ಪ್ರೋಟೀನ್ ಇರುವುದು ನಿಜ, ಅದರ ಜೊತೆ ಸುಮಾರು 49 ಗ್ರಾಂ ಎಣ್ಣೆಯಂಶವೂ ಇದೆ. 80 ಗ್ರಾಂ ಅಂದರೆ 450 ಕ್ಯಾಲೊರಿ. ಆಕೆಯ ಇಡೀ ರಾತ್ರಿ ಊಟಕ್ಕಿಂತ ಹೆಚ್ಚು.

ಪ್ರೋಟೀನ್ ತಿಂದರೆ ತೂಕ ಇಳಿಯುತ್ತದೆ ಎಂದು ಜನ ನಂಬಿರುವ ರೀತಿಯಲ್ಲೇ ತೊಡಕಿದೆ. ಅಮೆರಿಕದ ಲೂಸಿಯಾನಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಆ ಮಗನಿಗೆ ವಿವರಿಸಿದೆ. 25 ಜನರನ್ನು ಕೇಂದ್ರದಲ್ಲೇ ಇರಿಸಿಕೊಂಡು ಎಂಟು ವಾರ, ಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 950 ಕ್ಯಾಲೊರಿ ಹೆಚ್ಚು ತಿನ್ನಿಸಿದರು. ಒಂದು ಗುಂಪಿಗೆ ಪ್ರೋಟೀನ್ ಶೇ. 5, ಇನ್ನೊಂದಕ್ಕೆ 15, ಮತ್ತೊಂದಕ್ಕೆ 25. ಶೇ. 5ರವರ ತೂಕ ಏರಿದ್ದು 3.16 ಕೆ.ಜಿ., ಉಳಿದೆರಡು ಗುಂಪಿನವರದು 6.05 ಮತ್ತು 6.51. ತಕ್ಕಡಿಯನ್ನಷ್ಟೇ ನೋಡಿದವರು ಕಮ್ಮಿ ಪ್ರೋಟೀನೇ ಒಳ್ಳೆಯದು ಅನ್ನಬೇಕು. ಆದರೆ ಮೂರೂ ಗುಂಪಿನಲ್ಲಿ ಕೂಡಿದ ಕೊಬ್ಬು ಹೆಚ್ಚುಕಡಿಮೆ ಒಂದೇ. ಕಮ್ಮಿ ಪ್ರೋಟೀನಿನವರು ಅಷ್ಟೊಂದು ತಿಂದೂ ಕೊಬ್ಬಲ್ಲದ ಅಂಗಾಂಶವನ್ನು 0.7 ಕೆ.ಜಿ. ಕಳೆದುಕೊಂಡಿದ್ದರು, ಉಳಿದವರಿಗೆ ಅದು 3 ಕೆ.ಜಿ. ಆಸುಪಾಸು ಹೆಚ್ಚಿತ್ತು. ಕೊಬ್ಬು ಎಷ್ಟು ಕೂಡಬೇಕೆಂದು ತೀರ್ಮಾನಿಸಿದ್ದು ಹೆಚ್ಚುವರಿ ಕ್ಯಾಲೊರಿ. ಸ್ನಾಯುವಿನ ಪಾಡು ಏನೆಂದು ತೀರ್ಮಾನಿಸಿದ್ದು ಪ್ರೋಟೀನ್.

ಪ್ರೋಟೀನನ್ನು ಅರಗಿಸಲು ದೇಹ ಅದರದೇ ಕ್ಯಾಲೊರಿಯ ಶೇ. 20ರಿಂದ 30ರಷ್ಟನ್ನು ಖರ್ಚು ಮಾಡುತ್ತದೆ. ಅನ್ನದಂಥ ಪಿಷ್ಟಕ್ಕೆ ಶೇ. 5ರಿಂದ 10, ಎಣ್ಣೆಗೆ ಇನ್ನೂ ಕಮ್ಮಿ. ಜಾಹೀರಾತುಗಳು ಇದನ್ನೇ ದೊಡ್ಡದು ಮಾಡುತ್ತವೆ. ಆಕೆಗೆ ಹೆಚ್ಚಿಸಿದ 23 ಗ್ರಾಂಗೆ ಲೆಕ್ಕ ಹಾಕಿದರೆ ಇದರಿಂದ ಸಿಗುವ ಉಳಿತಾಯ ದಿನಕ್ಕೆ 20 ಕ್ಯಾಲೊರಿ ಆಚೀಚೆ, ಅರ್ಧ ಬಿಸ್ಕತ್ತು. ಇದಕ್ಕಾಗಿ ಯಾರೂ ಪುಡಿ ಕೊಳ್ಳಬೇಕಾಗಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಮೈ ಬೆಳೆಸಲು ಇಂಥ ಪುಡಿಗಳನ್ನು ಬಳಸಬೇಡಿ ಎಂದೇ ಹೇಳಿದೆ. ಪುಡಿ ನಿಂತಿತು. ಬೀಜ ಒಂದು ಸಣ್ಣ ಹಿಡಿಗೆ ಇಳಿಯಿತು, ಅದೂ ಹುರಿಗಡಲೆ ತಿನ್ನದ ದಿನ ಮಾತ್ರ.

24 ವಾರಕ್ಕೆ

ತೂಕ 68.9 ಕೆ.ಜಿ. ಸೊಂಟ 90 ಸೆಂ.ಮೀ. ಎಚ್‌ಬಿಎ1ಸಿ 5.8. ಐದು ಸಲ ಎದ್ದು ಕೂರಲು 11.5 ಸೆಕೆಂಡ್. ಕೈ ಹಿಡಿತ 19 ಕೆ.ಜಿ. ಕ್ರಿಯಾಟಿನಿನ್ ಮೊದಲಿನಂತೆಯೇ ಸರಿ.

ಮೊದಲ ಸಲ ಮೂರು ತಿಂಗಳಲ್ಲಿ 8 ಕೆ.ಜಿ. ಇಳಿದಿತ್ತು, ಈ ಸಲ ಆರು ತಿಂಗಳಲ್ಲಿ 5. ಊರಲ್ಲಿ ಈ ಸಲ ಯಾರೂ ಹೊಗಳಲಿಲ್ಲವಂತೆ, “ಮುಖ ಸೊರಗ್ನಿಲ್ವಲ್ಲ” ಅನ್ನುವುದು ಕಾರಣ. ನನಗೆ ಅದೇ ಬೇಕಾಗಿತ್ತು.

ಇದೆಲ್ಲ ಪ್ರೋಟೀನಿನಿಂದಲೇ ಆಯಿತು ಎಂದು ಬರೆದರೆ ಅದು ಪ್ರಾಮಾಣಿಕವಲ್ಲ. ಅನ್ನ ಕಮ್ಮಿಯಾಯಿತು, ಸಕ್ಕರೆ ಕಮ್ಮಿಯಾಯಿತು, ಕಾಲಿಗೆ ವ್ಯಾಯಾಮ ಸಿಕ್ಕಿತು, ಪ್ರತಿ ತಿಂಗಳು ಒಬ್ಬರು ಕೂತು ಕೇಳಿಸಿಕೊಂಡರು. 2009ರಲ್ಲಿ ಅಮೆರಿಕದಲ್ಲಿ 811 ಜನರ ಮೇಲೆ ಎರಡು ವರ್ಷ ನಡೆದ ಅಧ್ಯಯನದ ಫಲಿತಾಂಶ ಬಂತು. ಕ್ಯಾಲೊರಿಯನ್ನು ಒಂದೇ ರೀತಿ ಕಡಿತ ಮಾಡಿದಾಗ ಶೇ. 15 ಪ್ರೋಟೀನಿನವರಿಗೂ ಶೇ. 25ರವರಿಗೂ ಇಳಿದ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆದರೆ ಅಲ್ಲಿ ಕಮ್ಮಿ ಎಂದು ಲೆಕ್ಕ ಹಿಡಿದದ್ದೇ ಶೇ. 15. ಆಕೆ ಬಂದದ್ದು 8.5ರಿಂದ. ಆ ದೇಶದ ಅಧ್ಯಯನ ಓದಿ ಇಲ್ಲಿ ಪ್ರೋಟೀನ್ ಮುಖ್ಯವಲ್ಲ ಅನ್ನುವವರು ಈ ಸಾರಿನ ಡಬ್ಬಿಯನ್ನು ಒಮ್ಮೆ ಸೋಸಿ ನೋಡಬೇಕು.

ಓದುವವರಿಗೆ ಒಂದು ಎಚ್ಚರಿಕೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಪ್ರಮಾಣ ಹೊಂದುವುದಿಲ್ಲ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಕ್ರಿಯಾಟಿನಿನ್ ಮತ್ತು ಮೂತ್ರದ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿದ ಮೇಲೆಯೇ ಪ್ರೋಟೀನ್ ಹೆಚ್ಚಿಸಬೇಕು. ನಾನು ಆಕೆಯ ವರದಿ ನೋಡದೆ ಒಂದು ಮೊಟ್ಟೆಯನ್ನೂ ಹೆಚ್ಚು ಹೇಳಿರಲಿಲ್ಲ.

ಒಂಬತ್ತನೆಯ ತಿಂಗಳು, ಗೌರಿ-ಗಣೇಶ ಮುಗಿಸಿಕೊಂಡು ಬಂದಾಗ 69.4 ಇತ್ತು. ಕಡುಬಿನ ಅರ್ಧ ಕೆ.ಜಿ., ನಾನು ಅದರ ಬಗ್ಗೆ ಏನೂ ಅನ್ನಲಿಲ್ಲ. ಆ ದಿನ ಅತ್ತೆಯನ್ನೂ ಜೊತೆಗೆ ಕರೆತಂದಿದ್ದರು. ಹುರುಳಿ ಉಷ್ಣ ಎಂದಿದ್ದ ಅದೇ ಹಿರಿಯರು. 72 ವರ್ಷ, 41 ಕೆ.ಜಿ., ಬಾಯಲ್ಲಿ ನಾಲ್ಕೇ ಹಲ್ಲು. ಕಾಳು ಅಗಿಯಲಾಗದೆ ತಟ್ಟೆಯ ಅಂಚಿಗೆ ಸರಿಸಿ ಮೊಮ್ಮಗುವಿಗೆ ಕೊಡುತ್ತಿದ್ದರು ಎಂದು ಸೊಸೆ ಗಮನಿಸಿ ಹೇಳಿದ್ದಳಂತೆ. ಕುರ್ಚಿಯಿಂದ ಎದ್ದು ತೋರಿಸಿ ಅಂದೆ. ಕೈ ಊರದೆ ಏಳಲಾಗಲಿಲ್ಲ. ಅವರಿಗೆ ಹೆಸರುಬೇಳೆ ತೊವ್ವೆಯನ್ನು ಗಟ್ಟಿಯಾಗಿ ಮಸೆದು, ಮೆತ್ತಗೆ ಬೇಯಿಸಿದ ಒಂದು ಮೊಟ್ಟೆ, ಎರಡು ಹೊತ್ತು ಮೊಸರು ಬರೆದುಕೊಟ್ಟಿದ್ದೇನೆ. ನಾಲ್ಕು ವಾರ ಬಿಟ್ಟು ಬರಲು ಹೇಳಿದ್ದೇನೆ.